ಬನ್ನಿ ಹಬ್ಬದವರೆಗಿನ ಇನ್ಶೂರೆನ್ಸ್

ಹಳಿಯಾಳದಿಂದ ಅನಮೋಡದ ಗಡಿಯವರೆಗೆ ಎಷ್ಟು ಕಾಡುಕೋಣಗಳಿವೆಯೋ ಅಷ್ಟಕ್ಕೂ ಈಶಪ್ಪನ ಕಾರಿನ ಗುರುತಿದೆ. ಬಿಳಿ ಕಾರು ಕಂಡ ಕೂಡಲೇ ಅವು ಮೇಯುವುದು ಬಿಟ್ಟು ರಸ್ತೆಯ ಬದಿಗೆ ಸಾಲಾಗಿ ನಿಂತು ದಾರಿ ಕೊಡುತ್ತವೆ. ಒಂದೇ ಒಂದು ಮುದಿಕೋಣ, ಕಣ್ಣು ಮಂಜಾಗಿದ್ದರಿಂದ, ಜೊಯಿಡಾದ ತಿರುವಿನಲ್ಲಿ ಗುರುತು ಸಿಗದೆ ಗುದ್ದಿಬಿಟ್ಟಿತು. ಗುರುತು ಸಿಕ್ಕ ಮೇಲೆ ಮುಂಗಾಲು ಮಡಚಿ ತಪ್ಪಾಯಿತೆಂದು ಒಪ್ಪಿಕೊಂಡು, ಬಾನೆಟ್ಟನ್ನು ಒಮ್ಮೆ ನೆಕ್ಕಿ ಕಾಡಿಗೆ ಹೋಯಿತು.

ಹೀಗೆಂದು ಈಶಪ್ಪ ದಾಂಡೇಲಿಯಲ್ಲಿ ಜಾವೇದನ ಗ್ಯಾರೇಜಿನ ಮುಂದೆ ನಿಂತು ಹೇಳಿದ. ಹಳಿಯಾಳದಲ್ಲಿ ಬೀಜದ ಅಂಗಡಿ ಇಟ್ಟಿದ್ದ ಈಶಪ್ಪ ಜೋಳದ ಕಾಳನ್ನೇ ತೆಂಗಿನಕಾಯಿಯಷ್ಟು ಮಾಡಿ ಮಾರುವ ಬಾಯಿಯವನು; ಒಂದು ಕೋಣ ಅವನಿಗೆ ಹೆಚ್ಚಿನ ಕೆಲಸವಾಗಿರಲಿಲ್ಲ. ಅವನ ಹಿಂದೆ ಕಾರಿನ ಬಾನೆಟ್ಟು ಮಡಚಿ ನಿಂತಿತ್ತು. ಒಳಗಿನ ನೀರು ದಾರಿಯುದ್ದಕ್ಕೂ ಸೋರಿತ್ತು.

ಈ ಬನ್ನಿ ಹಬ್ಬಕ್ಕೆ ಮುಂಡಗೋಡದ ಮಾವನ ಮನೆಗೆ ಕಾರಿನಲ್ಲೇ ಬರುತ್ತೇನೆಂದು ಈಶಪ್ಪ ವರ್ಷವಿಡೀ ಸಾರಿದ್ದ. ಕಾರು ನಿಲ್ಲಿಸಲು ಅಂಗಳದ ಜೋಳದ ಕಣಕಿ ಬಣವಿಯನ್ನು ಪಕ್ಕಕ್ಕೆ ಸರಿಸಿರಬೇಕೆಂದು ಭಾವಮೈದುನನಿಗೆ ಅಪ್ಪಣೆಯೂ ಆಗಿತ್ತು. ಆದರೆ ಅಂಗಡಿಯ ರೊಕ್ಕವೆಲ್ಲ ಗಿರಾಕಿಗಳ ಉದ್ರಿಯಲ್ಲಿ ಸಿಕ್ಕಿಕೊಂಡಿತ್ತು. ವಿಮೆಯವರು ರೊಕ್ಕ ಕೊಟ್ಟರೆ ಕಾರು ಹಬ್ಬಕ್ಕೆ ರೆಡಿ, ಇಲ್ಲವಾದರೆ ಇಲ್ಲೇ.

ಜಾವೇದ ಈಶಪ್ಪನ ಮೊಬೈಲಿನಲ್ಲಿ ಪಾಲಿಸಿ ತೆರೆದು ಓದಿದ. ತಿರುಗಿ ಓದಿದ.

"ಈಶಪ್ಪಣ್ಣಾ, ಇದು ಮುಗದೈತ್ರಿ. ಒಂದನೇ ತಾರೀಖ ರಾತ್ರಿ ಹನ್ನೆರಡಕ್ಕ."

"ಯಾರಿಗೆ ಹೇಳ್ತಿ ತಮ್ಮಾ? ಹೋದ ವರ್ಷ ಬನ್ನಿ ಹಬ್ಬದ ದಿನ ಮಾಡ್ಸಿದ್ದು. ಬನ್ನಿಯಿಂದ ಬನ್ನಿಗೆ ಒಂದು ವರ್ಷ. ಈ ವರ್ಷದ ಬನ್ನಿ ಇನ್ನೂ ಬಂದಿಲ್ಲ."

"ಈ ವರ್ಷ ಅಧಿಕ ಮಾಸ ಬಂತಲ್ರೀ, ಹಬ್ಬ ಮುಂದ ಹೋತು."

"ಹಬ್ಬ ಮುಂದ ಹೋದ್ರ ಇನ್ಶೂರೆನ್ಸೂ ಮುಂದ ಹೋಗಬೇಕಲಾ!"

"ಅದಕ್ಕ ಹಬ್ಬ ಹುಣ್ಣಿವಿ ಗೊತ್ತಿಲ್ರಿ. ತಾರೀಖಷ್ಟ ಗೊತ್ತು. ಹನ್ನೆರಡು ಹೊಡೀತು, ಮುಗೀತು. ಒಂದನೇ ತಾರೀಖು ರಾತ್ರಿ ಹನ್ನೆರಡರ ಒಳಗ ಕೋಣ ಬಂದಿದ್ರ ಕ್ಲೇಮ್ ಸಿಗ್ತಿತ್ತು."

ಈಶಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಟವೆಲು ಕೆಳಗಿಳಿಯುವಷ್ಟರಲ್ಲಿ ಕೋಣ ಹಿಂದಿನ ತಾರೀಖಿಗೆ ಹೋಗಿ ನಿಂತಿತ್ತು.

"ಅವತ್ತ ಬಂದಿದ್ದು! ಒಂದನೇ ತಾರೀಖ, ಸಂಜಿ ಮುಂದ. ಕೋಣ ಕ್ಯಾಲೆಂಡರ್ ನೋಡೇ ಮನಿ ಬಿಟ್ಟಿರಬೇಕು ನೋಡು. ಕ್ಲೇಮ್ ಕಾಗದದಾಗ ಹಂಗ ಬರಿ."

"ಬರದ್ರ ಕೆಳಗ ಸಹಿ ಮಾಡಿ ನನ್ನ ಗ್ಯಾರೇಜಿನ ಸಿಕ್ಕಾ ಹೊಡೀಬೇಕ್ರಿ. ನಾಳೆ ಸುಳ್ಳಂತ ಗೊತ್ತಾದ್ರ ನನ್ನ ಅಂಗಡಿ ಮುಚ್ಚಿದಂಗ."

"ನಾ ಸುಳ್ಳು ಹೇಳ್ತೇನೇನಲೇ?"

ಜಾವೇದ ಮೊಬೈಲನ್ನು ಅವನ ಕೈಗೆ ಕೊಟ್ಟು ಕಾರಿನ ಕಡೆ ನಡೆದ. ಬಾನೆಟ್ಟಿನ ಹತ್ತಿರ ಬಗ್ಗಿ ನೋಡಿದ. ಅದರ ಮೇಲೆ ಮೂರು ಬೆರಳಿನ ವಿಭೂತಿಯ ಗೆರೆಗಳಿದ್ದವು. ತಗಡು ಮಡಚಿದ ಕಡೆ ಗೆರೆಗಳೂ ಅದರೊಂದಿಗೆ ಮಡಚಿ, ಬಣ್ಣದ ಜೊತೆಗೇ ಸಿಡಿದಿದ್ದವು.

"ವಿಭೂತಿ ಹಚ್ಚಿದ ಮ್ಯಾಲ ಪೆಟ್ಟು ಬಿದ್ದೈತಿ. ಯಾವಾಗ ಹಚ್ಚಿದ್ದು ಇದು?"

"ನಮ್ಮ ಮನ್ಯಾಗ ದಿನಾ ಹಚ್ತಾರೋ! ಹಲ್ಲುಜ್ಜೋದಕ್ಕಿಂತ ಮೊದಲ."

ಜಾವೇದ ತನ್ನ ಮೊಬೈಲ್ ತೆಗೆದು ಈಶಪ್ಪನ ಹೆಂಡತಿ ದ್ರಾಕ್ಷಾಯಣಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಈಶಪ್ಪ ಕೈ ಚಾಚುವಷ್ಟರಲ್ಲಿ ಆ ಕಡೆಯಿಂದ ದನಿ ಬಂತು.

"ಏನೋ ತಮ್ಮಾ, ಕಾರ್ ತೊಳದದ್ದು ಮುಗೀತ?"

"ತೊಳೀಲಿಕ್ಕ ತಂದಾರಂತ ಹೇಳ್ಯಾರೇನ್ರಿ ಅಕ್ಕಾರ? ಇರ್ಲಿ. ಕಾರಿಗೆ ವಿಭೂತಿ ಯಾವಾಗ ಹಚ್ಚಿದ್ರಿ?"

"ಇವತ್ತ ಮುಂಜಾನೆ. ಅಮಾಸಿ ಅಲಾ? ಹೋದ ಅಮಾಸಿದು ಮಳಿಗೆ ತೊಳಕೊಂಡು ಹೋಗಿತ್ತು. ಇವತ್ತು ಸ್ವಚ್ಛ ಒರಸಿ, ವಿಭೂತಿ ಹಚ್ಚಿ, ಕಾಯಿ ಒಡದು, ಗಾಲಿಗೆ ಲಿಂಬಿಹಣ್ಣು ಇಟ್ಟು ನಾ ಹೋಳಿಗಿ ಮಾಡ್ಲಿಕ್ಕ ಒಳಗ ಹೋದೆ. ಯಾಕ?"

"ಒರಸುವಾಗ ಬಾನೆಟ್ಟು ನೆಟ್ಟಗಿತ್ತೇನ್ರಿ?"

"ನೆಟ್ಟಗಿರದ ಏನಾಗ್ತೈತಿ? ಅವರೆಲ್ಲಿ? ಅವರ ಕೈಯಾಗ ಕೊಡು."

ಜಾವೇದ ಮೊಬೈಲನ್ನು ಈಶಪ್ಪನ ಮುಂದೆ ಹಿಡಿದ. ಜೊಯಿಡಾ, ತಿರುವು, ಮುದಿಕೋಣ ಎಲ್ಲವೂ ಈಶಪ್ಪನ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಆದರೆ ಬೆಳಿಗ್ಗೆ ಅಂಗಳದಲ್ಲಿದ್ದ ಕಾರು ಒಂದನೇ ತಾರೀಖು ಜೊಯಿಡಾಕ್ಕೆ ಹೋಗಿ ಬಾನೆಟ್ಟು ಬಾಗಿಸಿಕೊಂಡು ಬರಲು ಯಾವ ದಾರಿಯೂ ಉಳಿದಿರಲಿಲ್ಲ. ಅವನು ಗ್ಯಾರೇಜಿನ ಟೈರಿನ ಮೇಲೆ ಕುಳಿತ.

"ಹೇಳ್ರಿ, ಏನಾತು?" ಎಂದಳು ದ್ರಾಕ್ಷಾಯಣಿ.

"ಲಿಂಬಿಹಣ್ಣು ನೋಡು... ಸರಿಯಾಗಿ ಗಾಲಿ ಕೆಳಗ ಒಡಿಬೇಕಲ್ಲಾ. ಜಾರಿತ್ತಂತ ಅನಿಸ್ತು. ಕಿಡಕ್ಯಾಗಿಂದ ತಲಿ ಹೊರಗ ಹಾಕಿ ಅದನ್ನ ನೋಡ್ಕೋತ ಗಾಡಿ ಬಿಟ್ಟೆ."

"ಒಡೀತ?"

"ಲಿಂಬಿಹಣ್ಣು ಒಡೀತು."

ಆ ಕಡೆ ಹೋಳಿಗೆಯ ಲಟ್ಟಣಿಗೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಬರುವಾಗ ಬಸ್ ಸ್ಟ್ಯಾಂಡಿನ್ಯಾಗ ಮುಂಡಗೋಡದ ಬಸ್ ಟೈಮ್ ಕೇಳ್ಕೊಂಡು ಬರ್ರಿ. ಬಣವಿ ಅಲ್ಲೇ ಇರ್ಲಿ ಅಂತ ನಾ ನಮ್ಮ ತಮ್ಮಗ ಹೇಳ್ತೇನಿ" ಎಂಬ ಮಾತು ಬಂದು ಫೋನ್ ಕಟ್ಟಾಯಿತು.

ಜಾವೇದ ಬಾನೆಟ್ಟಿನ ಮಡಿಕೆಯೊಳಗಿಂದ ತೊಗಟೆಯ ಚೂರೊಂದನ್ನು ಎಳೆದು ತೆಗೆದ.

"ಕೋಣದ ಕೊಂಬಿಗೆ ತೊಗಟಿ ಇರ್ತೈತೇನ್ರಿ ಈಶಪ್ಪಣ್ಣಾ?"

"ನಮ್ಮ ಅಂಗಳದ ಬೇವಿನ ಗಿಡ ಅದು."

"ಅದೂ ಎದುರು ಬಂತೇನ್ರಿ?"

ಈಶಪ್ಪ ತೊಗಟೆಯ ಚೂರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಇಲ್ಲೋ ತಮ್ಮಾ. ಅದು ನಿಂತಲ್ಲೇ ನಿಂತಿತ್ತು. ಬಂದಾಂವ ನಾನ."