ಧರ್ಮಣ್ಣನ ರೊಟ್ಟಿ

ಎಂಬತ್ಮೂರನೇ ಇಸವಿಯ ಪಂಚಮಿ ಹಬ್ಬಕ್ಕೆ ಬುಂದಿ ಕರಿಯುವಾಗ ಹಿರೋಳ್ಳಿಯ ಮಲ್ಕಮ್ಮನ ಬಲಗೈ ಮೇಲೆ ಕಾದ ಎಣ್ಣೆ ಚೆಲ್ಲಿತು. ಬೊಬ್ಬೆ ಒಡೆದು ಗಾಯವೇನೋ ಮಾಯಿತು. ಆದರೆ ಚರ್ಮ ಕೆಂಪಗೆ ಉಬ್ಬಿ ಬಿಗಿದುಕೊಂಡು, ಬೆರಳು ಸರಿಯಾಗಿ ಆಡದಂತಾದವು. ರೊಟ್ಟಿ ಬಡಿಯುವ ಕೈ ಅದು. ಗಂಡ ಧರ್ಮಣ್ಣ ತಾನೇ ಹಿಟ್ಟು ನಾದಿದ. ಅವನ ಮೊದಲ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಹರಿಯಿತು. ಮಲ್ಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

ಚಳಿಗಾಲಕ್ಕೆ ಕಲೆ ವಿಪರೀತ ತುರಿಸತೊಡಗಿತು. ಗಂಡ ಹೆಂಡತಿ ಗಾಬರಿಯಾಗಿ ಆಳಂದಕ್ಕೆ ಹೋದರು. ಡಾಕ್ಟರು ಕೈ ತಿರುಗಿಸಿ ನೋಡಿ, "ಹೆದರಬ್ಯಾಡ್ರಿ. ಸುಟ್ಟ ಚರ್ಮ ಮೊದ್ಲು ಹಿಂಗ ಉಬ್ಬತದ, ತುರಸ್ತದ. ಆಮ್ಯಾಲ ಸಾವಕಾಶ ಮೆತ್ತಗಾಗ್ತದ. ದಿನಾ ಕೊಬ್ರಿ ಎಣ್ಣಿ ತಿಕ್ಕಿ ಬೆರಳು ಆಡಸ್ರಿ," ಎಂದರು.

ಅಂದಿನಿಂದ ದಿನಾ ಸಂಜೆ ಧರ್ಮಣ್ಣ ಎಣ್ಣೆ ತಿಕ್ಕಿ ಒಂದೊಂದೇ ಬೆರಳು ಮಡಿಸಿದ, ಚಾಚಿಸಿದ. ನೋವಾದಾಗ ಮಲ್ಕಮ್ಮ ಬೈದಳು, ಅವನು ಬೈಸಿಕೊಂಡ. ಬೇಸಿಗೆಯೊಳಗೆ ಕೆಂಪು ಕಪ್ಪಿಗೆ ತಿರುಗಿತು. ಮರುವರ್ಷ ಉಬ್ಬು ಇಳಿದು, ಬಣ್ಣ ತಿಳಿಯಾಗಿ, ಬಿಗಿತ ಸಡಿಲಾಯಿತು. ಅಷ್ಟರಲ್ಲಿ ದಿನಾ ಬಡಿದು ಬಡಿದು ಧರ್ಮಣ್ಣನ ರೊಟ್ಟಿಯೂ ಹರಿಯುವುದು ಬಿಟ್ಟಿತ್ತು.

ಒಂದು ಮುಂಜಾನೆ ಮಲ್ಕಮ್ಮ ತಾನಾಗಿ ಒಲೆ ಮುಂದೆ ಕೂತು ರೊಟ್ಟಿ ಬಡಿದಳು. ದುಂಡಗೆ, ತೆಳ್ಳಗೆ ಬಂತು. ಹಿಗ್ಗಿನಿಂದ ಗಂಡನ ಮುಂದಿಟ್ಟಳು.

ಧರ್ಮಣ್ಣ ಒಂದು ತುತ್ತು ಮುರಿದು ತಿಂದ. "ಚಲೋ ಆಗ್ಯಾವ. ಆದ್ರ ನನ್ನವು ಇನ್ನಾ ತೆಳ್ಳಗ ಬರ್ತಾವ ನೋಡು."

ಮಲ್ಕಮ್ಮ ನಗುತ್ತ ಒಲೆ ಮುಂದಿನಿಂದ ಸರಿದು ಕೂತಳು. "ಹಂಗಾರ ನೀವೇ ಬಡೀರಿ. ನಾ ಉಣ್ತೇನಿ."