ಕಂಬದೊಳಗಿನ ಮಳೆ

ಅಪ್ಪನ ಉಗುರುಗಳ ಸಂದಿಯ ತುಕ್ಕನ್ನು ಮಗಳು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಉಜ್ಜಿದಳು. ಅದು ಬಿಡಲಿಲ್ಲ.

"ಸಾಕು ಬಿಡಮ್ಮ," ಎಂದ ಚಿಕ್ಕಪ್ಪ. "ನಲವತ್ತು ವರ್ಷ ಅಂಟಿದ್ದು ಇವತ್ತು ಹೋಗತ್ತಾ? ಇರಲಿ, ಅಣ್ಣನ ಆಸ್ತಿ ಅದೊಂದೇ."

ಬಾಗಿಲಲ್ಲಿ ಇಂಜಿನಿಯರು ನಿಂತಿದ್ದ. ಕೈಯಲ್ಲಿ ಹೂವಿನ ಹಾರ, ಕಣ್ಣು ಕೈಗಡಿಯಾರದ ಮೇಲೆ.

"ತುಂಬಾ ಬೇಜಾರಾಯ್ತಮ್ಮ. ಈ ಹೊತ್ನಲ್ಲಿ ಕೇಳಬಾರದು... ಶೆಡ್ಡಿನ ಹನ್ನೊಂದನೇ ಕಂಬ ನಿನ್ನೆ ಮಳೆಗೆ ನೆತ್ತಿಯಿಂದ ನೀರು ಕಾರ್ತಿದೆ. ನಾಲ್ಕು ಗಂಟೆಗೆ ದೊಡ್ಡ ಸಾಹೇಬರು ಬಂದು ಮ್ಯೂಸಿಯಂ ಉದ್ಘಾಟನೆ ಮಾಡ್ತಾರೆ. ಅದರ ಬುಡದ ಮುಚ್ಚಳ ಎಲ್ಲಿತ್ತು ಅಂತ ನಿಮ್ಮ ತಂದೆ ನಿಮಗೇನಾದ್ರೂ..."

"ಹೇಳಿದ್ರು. ನಿಮಗೂ ಹೇಳಿದ್ರಲ್ಲ."

ಇಂಜಿನಿಯರು ಹಾರವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ.

*

ಆ ಶೆಡ್ಡು ಕಲ್ಲಿದ್ದಲಿನ ರೈಲು ಇಂಜಿನ್ನುಗಳ ಕಾಲದ್ದು. ದುಂಡನೆಯ ಇಟ್ಟಿಗೆ ಗೋಡೆ, ಕೊಡೆಯಂಥ ಮಾಡು, ಅದನ್ನು ಹೊತ್ತ ಇಪ್ಪತ್ನಾಲ್ಕು ಬೀಡುಕಬ್ಬಿಣದ ಕಂಬ, ಇಂಜಿನ್ನಿನ ಮೂತಿ ತಿರುಗಿಸಲು ನಡುವೆ ಒಂದು ತಿರುಗುವ ಹಳಿ. ಊಟದ ಡಬ್ಬಿ ತಂದ ಪುಟ್ಟ ಮಗಳ ಕಿವಿಯನ್ನು ಅಪ್ಪ ಒಂದು ಮಳೆಯ ದಿನ ಕಂಬಕ್ಕೆ ಒತ್ತಿ ಹಿಡಿದಿದ್ದ. ಒಳಗೆ ಗುಳುಗುಳು ಸದ್ದು.

"ಕಂಬ ಅಂದ್ಕೊಂಡ್ಯಾ? ಗಂಟಲು ಕಣೇ. ಮಾಡಿನ ಮಳೆಯೆಲ್ಲ ಇದರೊಳಗೆ ಇಳಿದು ನೆಲದಡಿ ಚರಂಡಿಗೆ ಹೋಗತ್ತೆ. ಕಟ್ಟಿದೋರು ಬುದ್ಧಿವಂತರು. ತಿಂಗಳಿಗೊಂದ್ಸಲ ಮುಚ್ಚಳ ತೆಗೆದು ಕೆಸರು ಬಳೀಬೇಕು, ಅಷ್ಟೇ."

"ಯಾರು ಬಳೀತಾರೆ?"

"ಇನ್ಯಾರು, ನಾನೇ. ಬುದ್ಧಿವಂತರು ಬರ್ತಾರಾ?"

ಹೋದ ತಿಂಗಳು, ಶೆಡ್ಡನ್ನು ಮ್ಯೂಸಿಯಂ ಮಾಡಲೆಂದು, ಆ ಮುಚ್ಚಳಗಳ ಮೇಲೆಯೇ ಹೊಳೆಯುವ ಕಲ್ಲು ಹಾಸಿದರು. ಕೆಲಸ ಬಿಟ್ಟು ಮನೆಯಲ್ಲಿದ್ದ ಅಪ್ಪ ಓಡಿಹೋಗಿ ಬೇಡವೆಂದ. "ತಾತ, ಮನೇಲಿ ಆರಾಮಾಗಿರಿ," ಎಂದು ಅವನನ್ನು ಹೊರಗೆ ಕಳಿಸಿದ್ದು ಇದೇ ಇಂಜಿನಿಯರು. "ಒಂದ್ಸಲ ಒಳಗೆ ಹೋಗಿ ಬರ್ತೀನಿ, ಬಿಡ್ರೋ," ಎನ್ನುತ್ತ ಅಪ್ಪ ಮೂರು ದಿನ ಮಳೆಯಲ್ಲಿ ಗೇಟಿನೆದುರು ನಿಂತ. ನಾಲ್ಕನೆಯ ದಿನ ಜ್ವರ ಹಿಡಿಯಿತು. ಏಳಲಿಲ್ಲ.

*

"ತೋರಿಸ್ತೀನಿ," ಎಂದಳು ಮಗಳು. "ಆದ್ರೆ ಮೊದಲು ಅಪ್ಪನ್ನ ಕರ್ಕೊಂಡು ಹೋಗ್ಬೇಕು. ಗೇಟಿನವರೆಗೆ ಅಲ್ಲ, ಒಳಗೆ."

"ಇವತ್ತಾ?"

"ಇನ್ನೊಂದಿನ ಬಂದು ಸಾಯೋಕಾಗತ್ತಾ ಸಾರ್ ಅವನಿಗೆ?" ಎಂದ ಚಿಕ್ಕಪ್ಪ.

ಚಟ್ಟ ಶೆಡ್ಡಿನ ಹಿಂಬಾಗಿಲಿಂದ ಒಳಗೆ ಬಂತು. ಹೊತ್ತ ನಾಲ್ವರೂ ಅಪ್ಪನ ಕೈಕೆಳಗೆ ಪಳಗಿ, ಈಗ ಇಂಜಿನಿಯರನ ಬಳಿ ದಿನಗೂಲಿಗಿದ್ದವರು. ಕನ್ನಡಿಯಂಥ ನೆಲದ ಮೇಲೆ, ಸಾಹೇಬರಿಗಾಗಿ ಹಾಸಿದ ರತ್ನಗಂಬಳಿಯ ಪಕ್ಕದಲ್ಲಿ ಇಳಿಸಿದರು.

ಮಗಳು ಮನೆಯ ಬೀಗದ ಕೈಯಿಂದ ಹನ್ನೊಂದನೇ ಕಂಬವನ್ನು ತಟ್ಟಿದಳು. ಕೈಗೆಟಕುವಷ್ಟು ಎತ್ತರಕ್ಕೂ ಮಂದ ಸದ್ದು. ಬುಡದಿಂದ ಎರಡು ಗೇಣು ಅಳೆದು ನೆಲದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

"ಇಲ್ಲಿ. ಆದ್ರೆ ಕಂಬ ತುಂಬಿದೆ, ತೆಗೆದ್ರೆ ನೀರು ನುಗ್ಗತ್ತೆ. ಐದು ನಿಮಿಷ ಇರಿ. ಅಪ್ಪ ಹೊರಗೆ ಹೋಗ್ಲಿ."

"ಟೈಮಿಲ್ಲಮ್ಮ. ಒಡೆಯೋ ನೀನು!" ಎಂದ ಇಂಜಿನಿಯರು, ಸುತ್ತಿಗೆ ಹಿಡಿದವನಿಗೆ.

ಕಲ್ಲು ಬಿರಿಯಿತು. ಮುಚ್ಚಳ ಸರಿದದ್ದೇ ತಡ, ತುಕ್ಕುಗೆಂಪು ನೀರು ಭೋರೆಂದು ನುಗ್ಗಿ ಚಟ್ಟದ ಅಡಿಗೆ ಹರಡಿತು. ಅಪ್ಪನ ಕೈಯೊಂದು ಜಾರಿ ನೀರಿಗೆ ಇಳಿಯಿತು.

"ರತ್ನಗಂಬಳಿ! ಮೊದಲು ರತ್ನಗಂಬಳಿ ಎತ್ರೋ!" ಎಂದು ಕೂಗಿದ ಇಂಜಿನಿಯರು.

ಚಿಕ್ಕಪ್ಪ ಚಟ್ಟದ ಒಂದು ತುದಿ, ಮಗಳು ಇನ್ನೊಂದು ತುದಿ ಹಿಡಿದರು. ಚಟ್ಟ ಮೇಲೇಳಲಿಲ್ಲ. ಅದನ್ನು ಹೊತ್ತು ತಂದಿದ್ದ ನಾಲ್ವರು ಅವರನ್ನು ದಾಟಿ ಓಡಿದರು. ಗಂಬಳಿಯನ್ನು ಉದ್ದಕ್ಕೆ ಸುತ್ತಿ, ಮುಂದೆ ಇಬ್ಬರು ಹಿಂದೆ ಇಬ್ಬರು ಹೆಗಲು ಕೊಟ್ಟು, ಅದರ ಅಂಚು ಕೂಡ ನೆನೆಯದಂತೆ, ಒಂದೇ ಹೆಜ್ಜೆಯಲ್ಲಿ ಬಾಗಿಲ ಕಡೆ ನಡೆದರು.