ಸತ್ತ ಮರಿಯ ತೊಗಲು

ಕುರಿ ಮೂಸಾಕತ್ತೈತಿ — ಮರಿ ಬೆನ್ನ ಮ್ಯಾಲಿನ ತೊಗಲಿನ ಅಂಚಿಗೆ ಮೂಗು ಹಚ್ಚತೈತಿ, ತಗೀತೈತಿ, ಮತ್ತ ಹಚ್ಚತೈತಿ, ತನ್ನದೋ ಅಲ್ಲೋ, ಆ ತೊಗಲು ಮಾತ್ರ ಇದರ ಸತ್ತ ಮರೀದು, ಒಳಗಿರೂದು ಬ್ಯಾರೆ ತಬ್ಬಲಿ ಮರಿ, ಮುಂಜಾನೆ ಅವ್ವ ತಾನ ತೊಗಲು ಸುಲದು ಅದರ ಮೈಗೆ ಕಟ್ಯಾಳ, ಹಂಗ ಮಾಡದಿದ್ರ ಕುರಿ ಹಾಲು ಬಿಡೂದಿಲ್ಲ. ಮುಂದ ಓದಬೇ, ಅಂತಾಳ ಅವ್ವ, ಸಾವಕ್ಕ, ಕುರಿ ಕುತ್ತಿಗಿ ತೊಡಿಗೆ ಒತ್ತಿ ಹಿಡದು, ಮಗಳು ಕೋಮಲ ಮೊಬೈಲಿನಾಗ ತನ್ನ ಕಾದಂಬರಿ ಓದಾಕತ್ತಾಳ, ಜುಗೂಳದ ಹೊಳಿದಂಡಿ ಹೊಲದಾಗ. ನಾಳೆ ಅದು ಅಚ್ಚಿಗೆ ಹೋಗಬೇಕು. ಚಿಕ್ಕೋಡಿಯ ಪ್ರಕಾಶಕ ಅಭಿನಂದನ ಸರ್ ಫೋನಿನಾಗ ಅಂದಿದ್ರು, ನಾ ಅಂತ ಬರದದ್ದನ್ನ ಹಂಗ ಇಡ್ರಿ, ಅದರಾಗ ಜೀವ ಐತಿ, ಆದ್ರ ಮನ್ಯಾಗ ಒಂದು ಮಾತು ಕೇಳ್ರಿ, ಆಮ್ಯಾಲ ತಕರಾರು ಬ್ಯಾಡ — ಹೆಂಗ ಕೇಳೂದು, ಅವ್ವಗ ಓದಾಕ ಬರೂದಿಲ್ಲ, ಅದಕ್ಕ ನಾ ಅಂತಿದ್ದಲ್ಲೆಲ್ಲಾ ಆಕಿ ಅಂತ ಓದಾಕತ್ತಾಳ, ನಾ ಅತ್ತದ್ದು ಆಕಿ ಅತ್ತಿದ್ದು, ಶೇಡಬಾಳದ ಯಾವದೋ ಹುಡುಗಿ ಕಥಿಬೇ ಅಂತ ಸುಳ್ಳು ಬ್ಯಾರೆ. ಸಾಲ್ಯಾಗ ಒಂಬತ್ತನೇತ್ತಾ ಇದ್ದಾಗ ಆ ಹುಡುಗಿ ದೊಡ್ಡಾಕಿ ಆದ್ಳು, ಅವರವ್ವ ಸಾಲಿ ಬಿಡಿಸಿದ್ಳು, ಕೈಯಾಗ ಬಡಿಗಿ ಕೊಟ್ಟು ಕುರಿ ಹಿಂದ ಹಚ್ಚಿದ್ಳು, ಸಾಲಿ ಬಸ್ಸು ಧೂಳು ಎಬ್ಬಿಸಿ ಹೋತು, ಪಾಪ, ಅಂತಾಳ ಅವ್ವ, ಕುರಿ ಮೂಗು ತೊಗಲಿನ ಮ್ಯಾಲ, ಬಂತು, ಆ ಸಾಲು ಬಂತು, ಈ ಅವ್ವ ಸತ್ತಹೋಗಲಿ ಅಂತ ನಾ ಹೊಳಿಗೆ ಹೇಳಿದ್ನಿ — ಬ್ಯಾಡ, ಓದದ ಬೆರಳು ಸರಿಸಿದ್ಳು, ಆಕಿ ಹೊಳಿದಂಡಿಗೆ ನಿಂತ್ಳು, ಹೊತ್ತು ಮುಣುಗಿದ ಮ್ಯಾಲ ಮನಿಗೆ ಬಂದ್ಳು. ಕುರಿ ಮುಂಗಾಲಿಲೆ ನೆಲ ಒದ್ದು ತಲಿ ಎತ್ತಿತು.

ನಡುವ ಏನೋ ಬಿಟ್ಟಿ, ಅಂತಾಳ ಅವ್ವ. ಇಲ್ಲಬೇ, ಇಷ್ಟ ಐತಿ. ಹೊಳಿಗೆ ಏನೋ ಅಂದ್ಳಲ್ಲ ಆ ಹುಡುಗಿ — ಅವ್ವಗ ಹೆಂಗ ಗೊತ್ತಾತು, ಯಾರಿಗೂ ಹೇಳಿಲ್ಲ, ಹೊಳಿದಂಡ್ಯಾಗ ಒಂದು ನಾಯಿ ಸೈತ ಇರಲಿಲ್ಲ, ಸಂಜಿ ಆಗಿತ್ತು, ಹಿಂದ ಹೊಳ್ಳಿ ನೋಡಿದ್ನ್ಯಾ, ನೋಡಲಿಲ್ಲ, ಹೊಳ್ಳಿ ನೋಡಲೇ ಇಲ್ಲ; ಅವ್ವ ಕುರಿ ಮ್ಯಾಲಿನ ಕಣ್ಣು ತಗೀದ ಅಂತಾಳ, ಕತ್ತಲಾತು, ಹುಡುಗಿ ಬರಲಿಲ್ಲಂತ ನಿನಗ ಬುತ್ತಿ ತಗೊಂಡು ಬಂದಿದ್ನಿ, ನಿನ್ನ ಬೆನ್ನ ಹಿಂದನ ನಿಂತಿದ್ನಿ, ಕೇಳಿಸಿತ್ತು. ಇಷ್ಟು ವರ್ಷ. ಇಷ್ಟು ವರ್ಷ ಅದನ್ನ ಹೊಟ್ಟ್ಯಾಗ ಇಟಗೊಂಡು ರೊಟ್ಟಿ ಬಡದಾಳ, ನನ್ನ ತಲಿ ಹಿಕ್ಕಿ ಜಡಿ ಹಾಕ್ಯಾಳ, ಮತ್ತ ಸಾಲಿಗೆ ಹೋಗಂತ ತಾನ ಕಳಿಸ್ಯಾಳ, ಒಂದು ಮಾತೂ ಆಡಿಲ್ಲ. ಓದು, ಅಂತಾಳ, ಹೆಂಗ ಬರದಿ ಹಂಗ ಓದು, ಆಕಿ ಅನಬ್ಯಾಡ. ಈ ಅವ್ವ, ಅಂದ್ಳು ಕೋಮಲ, ಈ ಅವ್ವ ಸತ್ತಹೋಗಲಿ ಅಂತ ನಾ, ನಾ — ಮರಿ ನಡುಗಾಕತ್ತೈತಿ, ಕುರಿ ಮತ್ತ ತಲಿ ಬಗ್ಗಿಸಿತು, ಮೂಗು ತೊಗಲಿನ ಅಂಚಿಗೆ ಬಂತು, ಮೂಸತೈತಿ, ನಾ, ಅಂಚಿನ ಒಳಗ ಮೂಗು ತೂರಿಸಿ ಮೂಸತೈತಿ, ನಾ, ಮೂಸತೈತಿ